ಸುಜಾತಾಳಿಗೊಂದು ಗೂಟ

ಜೂನ್ ೩, ಮಂಗಳವಾರ

ದೋಣಿಯ ತಳದಲ್ಲಿ ಮತ್ತೆ ಪಾಚಿ. ತೆಂಗಿನ ನಾರು ತಗೊಂಡು ತಿಕ್ಕಿದೆ. ಸೊಂಟ ನೋವು. ಬಲಮಗ್ಗುಲಿಗೆ ಬಣ್ಣ ಕಿತ್ತು ಬಿಳಿ ಕಾಣುತ್ತಿದೆ — ಕರಿಗುಂಡಿಗೆ ತಿಕ್ಕಿ ತಿಕ್ಕಿ. ಆ ಬಂಡೆಗೆ ಕಟ್ಟುವುದು ಬಿಟ್ಟರೆ ಸದ್ಯಕ್ಕೆ ಬೇರೆ ಜಾಗವಿಲ್ಲ. ನಡುವೆ ಸ್ಕೂಟಿಯ ಹಳೆಯ ಟೈರು ಎರಡು ಇಳಿಬಿಟ್ಟಿದ್ದೆ. ಒಂದು ಮಾಯ. ಹೊಳೆ ಒಯ್ದಿತೋ, ಆಡು ಕಾಯುವವರು ಒಯ್ದರೋ. ಯಾರೇ ಒಯ್ದಿರಲಿ, ಅವರಿಗೂ ಒಂದು ಟೈರು ಬೇಕಾಗಿತ್ತು ಅಂದುಕೊಂಡರಾಯಿತು.

ಮೋಟರು ಒಂದೆರಡು ಸಲ ಕೆಮ್ಮಿ ಚಾಲೂ ಆಯಿತು. ಪೆಟ್ರೋಲಿನಲ್ಲಿ ನೀರು ಸೇರಿರಬೇಕು. ಖಾಜಾಹುಸೇನನಿಗೆ ತೋರಿಸಬೇಕು. ಈ ದೋಣಿಯನ್ನು ಹುಡುಕಿಕೊಟ್ಟವನೇ ಅವನು. ಯಾವುದೋ ಕೆರೆಯಲ್ಲಿ ಬೋಟಿಂಗ್ ನಿಂತು, ಬೇಲಿಯ ಮೂಲೆಯಲ್ಲಿ ಮಗುಚಿ ಬಿದ್ದಿತ್ತಂತೆ. ಸುರಪುರದ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಮಾಡುವ ಮನುಷ್ಯ, ದೋಣಿಯ ಮೋಟರನ್ನೂ ಬಿಚ್ಚಿ ನೋಡಿ ಕಲಿತುಕೊಂಡ. ತಳದಲ್ಲಿ ಒಂದು ಸಣ್ಣ ಪಂಪು ಕೂಡಿಸಿಕೊಟ್ಟಿದ್ದಾನೆ. ಒಳಗೆ ನೀರು ಸೇರಿದರೆ ತಾನಾಗಿ ಎದ್ದು, ಎಳೆದು, ಹೊರಗೆ ಉಗುಳುತ್ತದೆ. ಬ್ಯಾಟರಿ ಇರುವವರೆಗೆ ಚಿಂತೆಯಿಲ್ಲ.

ಹೊಳೆಯ ನಡುವಿನ ಬೋರಗಡ್ಡಿಗೆ ಹೋಗಿ ಹಣಮಮ್ಮನ ಸಕ್ಕರೆ ನೋಡಿ ಬಂದೆ. ಇನ್ಸುಲಿನ್ ಬಾಟಲಿಯನ್ನು ಮಡಕೆಯ ಹಸಿ ಮರಳಿನಲ್ಲಿ ಚೆನ್ನಾಗಿ ಇಟ್ಟುಕೊಂಡಿದ್ದಾಳೆ. "ನೀ ಬರೂದು ತಪ್ಪಿಸಬ್ಯಾಡವ್ವ" ಅಂದಳು. ಪ್ರತಿ ಸಲ ಅದೇ ಮಾತು.

ಇಡೀ ನೌಕರಿ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಬ್ಬರ ಹರಿಗೋಲಿನಲ್ಲಿ ಮುದುರಿ ಕೂತು ದಾಟಿದ ಹೊಳೆ. ನಿವೃತ್ತಿಯಾದ ಮೇಲೆ, ಸುಜಾತಾ ಎಂದು ಹೆಸರಿಟ್ಟ ಸ್ವಂತ ದೋಣಿಯಲ್ಲಿ ಕಾಲು ಚಾಚಿ ದಾಟುತ್ತೇನೆ. ಬರುವಾಗ ನಡುಹೊಳೆಯಲ್ಲಿ ಮೋಟರು ಆರಿಸಿ ಸುಮ್ಮನೆ ಕೂತಿದ್ದೆ. ಯಾರಿಗೆ ಹೇಳಲಿ ಈ ಸುಖ.

ಜೂನ್ ೭, ಶನಿವಾರ

ಒಳಮಡುವಿನ ಮಾತು ತೆಗೆದೆ. ಕೊನೆಗೂ.

ಹಳ್ಳ ಬಂದು ಹೊಳೆಗೆ ಕೂಡುವ ಕಡೆ ನೀರು ಒಳಕ್ಕೆ ತಿರುಗಿ ನಿಂತಿರುತ್ತದೆ. ಸೆಳವಿಲ್ಲ. ಗಾಳಿ ತಾಗುವುದಿಲ್ಲ. ಮೇಲೆ ಬೇವಿನ ಗಿಡಗಳ ಸಾಲು. ಹೊಳಿಮಲ್ಲಾಪುರದ ಅಂಬಿಗರ ದೋಣಿಗಳೆಲ್ಲ ಮಳೆಗಾಲಕ್ಕೆ ಅಲ್ಲಿಯೇ. ಒಂದೊಂದು ಮನೆಗೆ ಒಂದೊಂದು ಗೂಟ. ಹರಿಗೋಲನ್ನಾದರೆ ತಲೆಯ ಮೇಲೆ ಹೊತ್ತು ದಂಡೆಗೆ ಏರಿಸಬಹುದು. ನನ್ನದು ಹೊರುವ ದೋಣಿಯಲ್ಲ.

ಜಾಗದ ಮಾತಷ್ಟೇ ಅಲ್ಲ ಇದು. ನೀರು ಏರುವಾಗ ಹಗ್ಗ ಸಡಿಲ ಬಿಡಬೇಕು. ಬಿಡದಿದ್ದರೆ ಕಟ್ಟಿದ ಹಗ್ಗವೇ ದೋಣಿಯನ್ನು ಹಿಡಿದು ಮುಳುಗಿಸುತ್ತದೆ. ಒಳಮಡುವಿನಲ್ಲಿ ಒಂದು ಪದ್ಧತಿ — ದಂಡೆಯ ಮೇಲೆ ಯಾರಿರುತ್ತಾರೋ ಅವರು ಎಲ್ಲರ ಹಗ್ಗವನ್ನೂ ಸಡಿಲ ಮಾಡುತ್ತಾರೆ. ಹೊರಗೆ ಕಟ್ಟಿದವರ ಹಗ್ಗ ಅವರವರ ಪಾಡು. ನಾನು ಸುರಪುರದಿಂದ ಸ್ಕೂಟಿ ಹೊಡೆದುಕೊಂಡು ಬಂದು ಮುಟ್ಟುವಷ್ಟರಲ್ಲಿ ಹೊಳೆ ಕಾಯುತ್ತದೆಯೇ?

ಅಂಬಿಗರ ಪರಶುರಾಮ ಬಲೆ ಹೆಣೆಯುತ್ತ ಕೂತಿದ್ದ. ಅವನ ಮಕ್ಕಳಿಗೆಲ್ಲ ಸೂಜಿ ಚುಚ್ಚಿದ ಕೈ ಇದು.

"ನನ್ನ ದ್ವಾಣಿಗೂ ಒಂದ ಗೂಟ ಹೊಡೀಲೇನಪಾ?"

"ಗೂಟ ಹೊಡೀರಿ ಅನ್ನಾಕ ನಾ ಯಾರ್ರಿ ನರ್ಸಮ್ಮ. ದ್ವಾಣಿಗೆ ಉಡಿ ತುಂಬಿದ ಮ್ಯಾಲ ಗೂಟ. ಹೊಸನೀರು ಬಂದ ಹುಣ್ಣಿಮಿಗೆ."

"ಉಡಿ ಯಾರು ತುಂಬ್ತಾರ?"

"ನಮ್ಮವ್ವ." ತಲೆ ಕೆರೆದುಕೊಂಡ. "ಅವ್ವನ್ನ ಕೇಳ್ರೆಲಾ."

ಕೇಳಲಿಲ್ಲ. ಅವನವ್ವ ದುರಗಮ್ಮ ಅಲ್ಲಿಯೇ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದಳು. ಕೇಳಿಸಿಕೊಂಡಳು. ತಲೆಯೆತ್ತಲಿಲ್ಲ.

ಉಡಿ ತುಂಬು ಎಂದು ಬಾಯಿ ಬಿಟ್ಟು ಕೇಳುವ ಹೆಣ್ಣು ಯಾವ ಊರಲ್ಲಿದ್ದಾಳೆ? ಕರೆದು ತುಂಬಿದರೆ ಉಡಿ. ಕೇಳಿ ತುಂಬಿಸಿಕೊಂಡರೆ ಅದು ಬರೀ ಅಕ್ಕಿ.

ಇನ್ನೊಂದೂ ಇದೆ. ಆ ಮನೆಯ ಅಂಗಳದಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದೇನೆ. ಅಂಗಳದಲ್ಲಿಯೇ. ಕುಡಿದ ಕಪ್ಪನ್ನು ತೊಳೆದು ಬೋರಲು ಹಾಕಿ ಬಂದಿದ್ದೇನೆ. ಅದರ ಬಗ್ಗೆ ಅವರು ಮಾತಾಡಿಲ್ಲ, ನಾನೂ ಮಾತಾಡಿಲ್ಲ.

ಜೂನ್ ೧೦, ಮಂಗಳವಾರ

ಊಟದ ಹೊತ್ತಿಗೆ ಇವರಿಗೆ ಹೇಳಿದೆ. ಹೇಳಬಾರದಿತ್ತು. ಹೈಸ್ಕೂಲ್ ಮಾಸ್ತರಿಕೆ ಬಿಟ್ಟು ವರ್ಷಗಳಾದರೂ ಪಾಠ ಬಿಟ್ಟಿಲ್ಲ.

"ಕಲ್ಲಿಗಿ ಉಡಿ ತುಂಬ್ತಾರ, ಗಿಡಕ್ಕ ಉಡಿ ತುಂಬ್ತಾರ. ಈಗ ಫೈಬರ್ ದ್ವಾಣಿಗೂ ಸುರು ಆತು! ಸಾವಿತ್ರಿ, ಬೌದ್ಧರಾದಾಗ ಬಾಬಾಸಾಹೇಬರ ಫೋಟೋದ ಮುಂದ ನಿಂತು ಪ್ರತಿಜ್ಞಾ ಮಾಡೀವಿ. ಇಪ್ಪತ್ತೆರಡು."

"ಅದರಾಗ ದ್ವಾಣಿ ಸುದ್ದಿ ಎಲ್ಲ್ಯದರಿ?"

"ಎಲ್ಲಾ ಅದರಾಗ ಬರ್ತದ."

"ಹಂಗಾರ ದ್ವಾಣಿ ಎಲ್ಲಿ ಕಟ್ಟಲಿ ಅನ್ನೂದೂ ಬಂದಿರಬೇಕಲ್ಲ. ಓದಿ ಹೇಳ್ರಿ."

ನಕ್ಕುಬಿಟ್ಟರು. ಆಮೇಲೆ ಮೆಲ್ಲಗೆ ಅಂದರು — ಟ್ರ್ಯಾಕ್ಟರ್ ತರಿಸಿ ದೋಣಿಯನ್ನು ಮನೆಗೇ ಎಳೆಸಿಬಿಡೋಣ, ಮಳೆಗಾಲ ಮುಗಿಯುವವರೆಗೆ ಹಿತ್ತಲಲ್ಲಿ ತಾಡಪತ್ರಿ ಹೊದಿಸಿ ಇಡೋಣ. ಕಾಳಜಿಯ ಮಾತೇ. ಆದರೆ ದೋಣಿ ಬೇಕಾಗುವುದೇ ಮಳೆಗಾಲದಲ್ಲಿ. ತುಂಬಿದ ನೆರೆಯಲ್ಲಿ ಯಾರೂ ಹೊಳೆಗೆ ಇಳಿಯಬಾರದು, ಅದು ಸರಿ. ಅದಕ್ಕೆ ಮುಂಚಿನ ದಿನಗಳಿರುತ್ತವಲ್ಲ, ಆಮೇಲಿನ ದಿನಗಳಿರುತ್ತವಲ್ಲ. ಹರಿಗೋಲು ಇಳಿಸಲು ಅಂಬಿಗರೇ ಅನುಮಾನಿಸುತ್ತಾರೆ, ಆ ದಿನಗಳಲ್ಲಿ ಹಣಮಮ್ಮನ ಮಡಕೆಯಲ್ಲಿ ಬರೀ ಮರಳು ಉಳಿಯುತ್ತದೆ.

ಹೊಸನೀರಿನ ಹುಣ್ಣಿಮೆಯೊಳಗೆ ಒಳಮಡುವಿನಲ್ಲಿ ಗೂಟ ಸಿಗದಿದ್ದರೆ ಟ್ರ್ಯಾಕ್ಟರ್. ಹಾಗಂತ ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಬೇರೆ ದಾರಿ ಕಾಣಲಿಲ್ಲ.

ಜೂನ್ ೧೪, ಶನಿವಾರ

ಒಂದು ಕೆಲಸ ಮಾಡಿದೆ. ಬರೆಯಲೋ ಬೇಡವೋ.

ಬೆಳಗಾಗುವ ಹೊತ್ತಿಗೆ ದೋಣಿ ಕಟ್ಟಿದ ಘಾಟಿಗೆ ಹೋದೆ. ಯಾರೂ ಇರಲಿಲ್ಲ. ಸುಜಾತಾಳ ಮೂತಿಯ ಹಲಗೆ ಎತ್ತಿ, ಹಸಿರು ಕುಪ್ಪಸದ ಕಣ ಹಾಸಿ, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ — ಎಲ್ಲ ಇಟ್ಟು ಹಲಗೆ ಮುಚ್ಚಿದೆ. ನಾನೇ.

ನನ್ನ ದೋಣಿಯ ಉಡಿ ನಾನೇ ತುಂಬಿಕೊಂಡೆ! ಅವ್ವ ಬದುಕಿದ್ದರೆ ನಕ್ಕು ನಕ್ಕು ಬೀಳುತ್ತಿದ್ದಳು. ಯಾರೂ ತುಂಬದ ಉಡಿ ಬರಿದಾಗಿ ಇರಬಾರದು ಅನ್ನಿಸಿತು, ಅಷ್ಟೇ. ದೇವರಿಗೆಂದು ಅಲ್ಲ. ಹೆಣ್ಣು ಹೆಸರಿಟ್ಟ ಮೇಲೆ ಹೆಣ್ಣಿಗೆ ಮಾಡುವುದನ್ನು ಮಾಡಬೇಕಲ್ಲ.

ಮನೆಗೆ ಬಂದರೆ ಇವರು ಪೇಪರ್ ಮೇಲಿಂದ ನೋಡಿದರು. "ಇಷ್ಟ ಲಗೂ ಎಲ್ಲಿಗಿ?"

"ವಾಕಿಂಗ್."

ಸ್ಕೂಟಿಯ ಮೇಲೆ ವಾಕಿಂಗ್. ಪೇಪರಿನ ಪುಟ ತಿರುವಿದರು ಪುಣ್ಯಾತ್ಮ.

ಜೂನ್ ೨೭, ಶುಕ್ರವಾರ

ಬಹಳ ದಿನ ಬರೆದಿಲ್ಲ. ಗುರುಮಠಕಲ್ಲಿನಲ್ಲಿ ತಂಗಿ ಪರಿಮಳಾಳ ಮನೆ ಶಾಂತಿ. ಹೋದಲ್ಲಿ ಜ್ವರ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬೈದು ಬೈದು ತಂಗಿ ಗಂಜಿ ಕುಡಿಸಿದಳು. ಬರಬೇಕೆಂದರೆ ಬಿಡಲಿಲ್ಲ. ಒಡಹುಟ್ಟಿದವರಿರುವುದು ಎಷ್ಟು ದೊಡ್ಡದು. ಹಣಮಮ್ಮನ ಬಾಟಲಿಯನ್ನು ಇವರು ಪರಶುರಾಮನ ಹರಿಗೋಲಿನಲ್ಲಿ ಮುಟ್ಟಿಸಿದ್ದರಂತೆ. ಹೇಳದೆಯೇ ಮಾಡಿದ್ದಾರೆ.

ನಿನ್ನೆ ಬಂದೆ. ಇವತ್ತು ಘಾಟಿಗೆ ಹೋದೆ.

ನಾನಿಲ್ಲದಾಗ ಮಳೆ ಹೊಡೆದಿದೆ. ಸುಜಾತಾ ಹಿಂದಿನಿಂದ ಅರ್ಧ ಮುಳುಗಿದ್ದಳು. ಒಳಗೆಲ್ಲ ಮಳೆನೀರು, ಹುಳಿ ವಾಸನೆ. ಪಂಪು ಸುಮ್ಮನಿತ್ತು. ಭಾರಕ್ಕೆ ಹಗ್ಗ ಬಿಗಿದು, ಕರಿಗುಂಡಿಗೆ ಬಡಿದು ಬಡಿದು, ಬಲಮಗ್ಗುಲಿಗೆ ಕೂದಲೆಳೆಯಂಥ ಸೀಳು. ಮೋಟರಿನ ಕುತ್ತಿಗೆಯವರೆಗೆ ನೀರು ಬಂದಿತ್ತು. ಇನ್ನೊಂದು ಮಳೆ ಆಗಿದ್ದರೆ ಮುಗಿದೇ ಹೋಗುತ್ತಿತ್ತು.

ಬಕೆಟ್ಟಿನಿಂದ ತೋಡಿದೆ. ತೋಡುತ್ತ ಅತ್ತೆ. ಪರಶುರಾಮ ಓಡಿ ಬಂದ. ಇನ್ನೊಂದು ಬಕೆಟ್ ತಗೊಂಡ. ದಂಡೆಯಿಂದ ದುರಗಮ್ಮ ನೋಡುತ್ತ ನಿಂತಿದ್ದಳು. ಆಮೇಲೆ ಅವಳೂ ಸೀರೆ ಮೇಲಕ್ಕೆ ಸಿಕ್ಕಿಸಿ ನೀರಿಗೆ ಇಳಿದಳು, ದೋಣಿಯ ಹಿಂಬದಿಗೆ ಹೆಗಲು ಕೊಟ್ಟಳು. ಈ ವಯಸ್ಸಿನಲ್ಲಿ.

ಜೂನ್ ೨೮, ಶನಿವಾರ

ಇವತ್ತಿನದು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಖಾಜಾಹುಸೇನನನ್ನು ಕರೆದುಕೊಂಡು ಹೋದೆ. ಇವರೂ ಬಂದರು — ಬೇಡವೆಂದರೂ. ಪಂಪು ಬಿಚ್ಚಿದ. ಜಾಳಿಗೆಯೊಳಗೆ ಬೆರಳು ಹಾಕಿದ. ಏನೋ ಬೆಳ್ಳಗಿನದು ಮೆತ್ತಗೆ ಹೊರಗೆ ಬಂತು. ಮೂಸಿ ನೋಡಿದ. ಮತ್ತೆ ಬೆರಳು ಹಾಕಿದ. ಮತ್ತೆ ಬಂತು.

"ಯಾ ಅಲ್ಲಾ! ಅಕ್ಕಾರ, ಪಂಪಿನಾಗ ಅನ್ನ ಅದರಿ!"

"ಅನ್ನ?" ಅಂದರು ಇವರು.

"ಸಾರು ಒಂದ ಕಡಿಮಿ ನೋಡ್ರಿ ಸರ. ಅಕ್ಕಿ ಬಂದು ಪೈಪಿನಾಗ ಕುಂತು, ಉಬ್ಬಿ, ಗಚ್ಚ ಹಾಕ್ದಂಗ ಆಗೇದ. ಮೋಟರ್ ತಿರಗ್ಯಾಡಿ ತಿರಗ್ಯಾಡಿ ಫ್ಯೂಜ್ ಹೋಗೇದ. ಇಲ್ಲಿ ಅಕ್ಕಿ ಯಾರು ಚೆಲ್ಯಾರ?"

ನಾನು ಹೊಳೆಯ ಆಚೆ ದಂಡೆ ನೋಡುತ್ತಿದ್ದೆ. ಮೂತಿಯ ಹಲಗೆ ಎತ್ತಿದ. ಹಸಿರು ಕಣ ಕೊಳೆತಿತ್ತು. ಅರಿಶಿನದ ಕೊಂಬು ತೇಲುತ್ತ ಬಂದು ಇವರ ಕಾಲ ಹತ್ತಿರ ನಿಂತಿತು, ಹೇಳಿಕಳಿಸಿದವರ ಹಾಗೆ.

ಇವರು ಅದನ್ನೇ ನೋಡಿದರು. ಆಮೇಲೆ ನನ್ನನ್ನು.

"ವಾಕಿಂಗ್" ಅಂದರು.

ದಂಡೆಯ ಮೇಲೆ ದುರಗಮ್ಮ. ಡಾಂಬರಿನ ಕೈ ಸೊಂಟದ ಮೇಲೆ. "ಏನ್ ಸಿಕ್ತು ಸಾಬಣ್ಣ?"

"ಉಡಿ ಸಿಕ್ತಬೇ! ಯಾರೋ ದ್ವಾಣಿಗೆ ಉಡಿ ತುಂಬ್ಯಾರ."

"ನಾ ತುಂಬಿಲ್ಲ. ಮತ್ತ ಯಾರು?"

ದುರಗಮ್ಮ ನನ್ನ ಮುಖ ನೋಡಿದಳು. ಗೊತ್ತಾಯಿತು ಅವಳಿಗೆ. ಬಾಯಿಗೆ ಸೆರಗು ಹಿಡಿದಳು. ಹೆಗಲು ಕುಣಿಯತೊಡಗಿತು.

"ಅಯ್ಯ ನನ ಶಿವನ! ತನ್ನ ಉಡಿ ತಾನ ತುಂಬಿಕೊಂಡ್ಳಾ ನಮ್ಮ ನರ್ಸಮ್ಮ! ತನ್ನ ಬೆನ್ನ ತಾನ ತಿಕ್ಕೊಂಡಂಗ ಆತಲ್ಲ!"

ಪರಶುರಾಮ ನಕ್ಕ. ಖಾಜಾಹುಸೇನ ನಕ್ಕ. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇವರೊಬ್ಬರು ನಗಲಿಲ್ಲ. ಪ್ಯಾಂಟು ಮಡಚಿ ನೀರಿಗೆ ಇಳಿದು, ಪಂಪಿನ ಪೈಪನ್ನು ಕಡ್ಡಿಯಿಂದ ಚುಚ್ಚಿ ಚುಚ್ಚಿ ಅನ್ನ ತೆಗೆಯತೊಡಗಿದರು. ಒಂದೊಂದೇ ಅಗಳು. ಮೀನುಗಳು ಬಂದು ತಿಂದವು.

ಸೀಳಿಗೆ ಖಾಜಾಹುಸೇನ ಫೈಬರ್ ಬಟ್ಟೆ ಅಂಟಿಸಿದ್ದಾನೆ. ಒಣಗಲು ಎರಡು ದಿನ ನೀರಿಗೆ ಇಳಿಸಬೇಡಿ ಅಂದ. ದಂಡೆಗೆ ಎಳೆದವರು ಪರಶುರಾಮ ಮತ್ತು ಅವನ ಕಡೆಯವರು. ನಾನು ಕರೆದಿರಲಿಲ್ಲ.

ಜೂನ್ ೨೯, ಭಾನುವಾರ

ಇವರು ಮಾತಾಡುತ್ತಿಲ್ಲ. ಆದರೆ ಚಹಾ ಮಾಡಿ ಕೊಟ್ಟರು. ಸಕ್ಕರೆ ಸರಿಯಾಗಿತ್ತು. ಹಾಗಾದರೆ ಸಿಟ್ಟು ಬಹಳವಿಲ್ಲ.

ಜುಲೈ ೨, ಬುಧವಾರ

ತೇಪೆ ಒಣಗಿದೆಯೋ ನೋಡಲು ಹೋದೆ. ಒಣಗಿದೆ. ಕಲ್ಲಿನಂತಾಗಿದೆ. ಖಾಜಾಹುಸೇನನ ಕೈಗೆ ಬೆಳ್ಳಿ ಕಡಗ ಹಾಕಬೇಕು.

ದುರಗಮ್ಮ ಕರೆದಳು. ಬೋರಲು ಹಾಕಿದ ಹರಿಗೋಲಿನ ನೆರಳಲ್ಲಿ ಕೂತೆವು. ಸೊಸೆ ಚಹಾ ತಂದಿಟ್ಟಳು.

"ಒಂದ ಮಾತು ಕೇಳ್ತೀನಿ, ಖರೆ ಹೇಳ್ರಿ ನರ್ಸಮ್ಮ. ನನ್ನ ಯಾಕ ಕೇಳಲಿಲ್ಲ?"

"ನೀವ್ಯಾಕ ಕರೀಲಿಲ್ಲ?"

ಚಹಾ ಊದಿದಳು. ಬಹಳ ಹೊತ್ತು ಊದಿದಳು.

"ನಿಮ್ಮ ಮಾಸ್ತರು ಬಾಬಾಸಾಹೇಬರ ಜಯಂತಿಗೆ ಭಾಷಣ ಮಾಡಿದ್ರಲ್ಲ, ಪೂಜಿ ಗೀಜಿ ನಮಗ ಇಲ್ಲ ಅಂತ. ಮೈಕಿನಾಗ ಅಂದದ್ದು ನನಗೂ ಕೇಳಿಸೇದ. ಕರದರ ಬ್ಯಾಡ ಅಂದೀರಿ ಅನ್ನಿಸ್ತು. ಬ್ಯಾಡ ಅನ್ನಿಸಿಕೊಂಡರ ನನಗೂ ಮಾನ ಅದಲ್ಲ."

"ಅದೊಂದೇ ಏನ್ರಿ?"

ಮತ್ತೆ ಊದಿದಳು. ಚಹಾ ಯಾವಾಗಲೋ ಆರಿತ್ತು.

"ಅದೂ ಅದ. ಇನ್ನೊಂದೂ ಅದ. ಮಂದಿ ಏನಂತಾರ ಅನ್ನೂದು ಅದ. ಅದನ್ನ ಬಾಯಿಲೆ ಹೇಳಸಬ್ಯಾಡ್ರಿ. ನನಗ ನಾಚಿಕಿ ಬರ್ತದ."

ಇಷ್ಟು ವರ್ಷ ಹೊಳೆಯ ಮೇಲೆ ಒಂದೇ ಹರಿಗೋಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು. ಇವಳ ಮೊದಲ ಮೊಮ್ಮಗುವಿನ ಹೊಕ್ಕುಳು ಕೊಯ್ದವಳು ನಾನು. ದಂಡೆಗೆ ಬಂದರೆ ಮಾತ್ರ ಆ ಮಾತು. ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು ಅವಳು. ಮಾಡಲಿಲ್ಲ. ಅದು ದೊಡ್ಡದು.

ಕಪ್ಪು ತೊಳೆಯಲು ಎದ್ದೆ. ಕೈಯಿಂದ ಕಸಿದುಕೊಂಡಳು. ತನ್ನ ಕಪ್ಪಿನೊಳಗೆ ನನ್ನ ಕಪ್ಪು ಇಟ್ಟು ಸೊಸೆಯ ಕಡೆಗೆ ಚಾಚಿದಳು.

ಹೊರಡುವಾಗ ಅಂದಳು — "ಮಾಸ್ತರನ್ನ ಒಂದ ಸಲ ಕರಕೊಂಡ ಬರ್ರಿ. ನಾನೂ ಭಾಷಣ ಮಾಡ್ತೀನಿ."

ಜುಲೈ ೬, ಭಾನುವಾರ

ಇವರನ್ನು ಕರೆದುಕೊಂಡು ಹೋದೆ. ಬೂಟು ಹಾಕಿಕೊಂಡು ಬಂದರು, ಇನ್‌ಸ್ಪೆಕ್ಷನ್‌ಗೆ ಬಂದವರ ಹಾಗೆ.

ದುರಗಮ್ಮ ನೇರವಾಗಿ ಸುರುಮಾಡಿದಳು. "ಉಡಿ ತುಂಬದ ದ್ವಾಣಿ ಒಳಮಡುವಿಗಿ ಬರೂ ಹಂಗಿಲ್ಲ. ನಮ್ಮ ಹಿರೇರು ಮಾಡಿದ್ದು. ತುಂಬಿಸ್ಕೋತೀರೇನು?"

"ನಾವು ಪೂಜಿ ಮಾಡಂಗಿಲ್ಲ ಆಯಿ. ಮಾತು ಕೊಟ್ಟೀವಿ."

"ಮಾತು ಕೊಟ್ಟಾವ ಮಾತಿಗಿ ನಿಲ್ಲಬೇಕು, ಖರೆ ಅದ. ಹಂಗಾರ ನಾ ಏನು ಮಾಡ್ಲಿ? ನಾನೂ ಹಿರೇರಿಗಿ ಮಾತು ಕೊಟ್ಟೀನಲ್ಲ."

ಇಬ್ಬರೂ ಗಟ್ಟಿ. ಇಬ್ಬರೂ ಸರಿ. ನಡುವೆ ನನ್ನ ದೋಣಿ.

ದುರಗಮ್ಮನೇ ಮಾತು ತಿರುಗಿಸಿದಳು. "ಸುಜಾತಾ ಅಂದರ ಯಾರ್ರಿ? ನಿಮ್ಮ ಮಗಳೇನು?"

ಅಷ್ಟೇ ಸಾಕಾಗಿತ್ತು. ಇವರು ಬೂಟು ಬಿಚ್ಚಿ ಕಲ್ಲಿನ ಮೇಲೆ ಕೂತರು. ಕಥೆ ಹೇಳುವುದೆಂದರೆ ಇವರಿಗೆ ಊಟ ಬೇಡ.

"ಒಬ್ಬಾವ ಇದ್ದ ಆಯಿ. ಅರಮನಿ ಬಿಟ್ಟು ಬಂದಾವ. ಉಪಾಸ ಮಾಡಿದರ ಸತ್ಯ ಸಿಗ್ತದ ಅಂತ ಉಪಾಸ ಕುಂತ. ಕುಂತು ಕುಂತು ಎಲುಬಿನ ಹಂದರ ಆದ. ಹೊಟ್ಟಿ ಮುಟ್ಟಿದರ ಬೆನ್ನು ಕೈಗೆ ಹತ್ತತಿತ್ತು. ಸತ್ಯ ಮಾತ್ರ ಸಿಗಲಿಲ್ಲ. ಹೊಳಿ ದಂಡ್ಯಾಗ ಸಾಯೂ ಹಂಗ ಕುಂತಿದ್ದ. ಆ ಊರಾಗ ಸುಜಾತಾ ಅಂತ ಒಬ್ಬ ಹೆಣಮಗಳು. ಗಿಡದ ದೇವರಿಗೆ ಅಂತ ಹಾಲು ಅಕ್ಕಿ ಹಾಕಿ ಖೀರು ಕಾಸಿಕೊಂಡು ಬಂದಿದ್ಲು. ಇವನ್ನ ನೋಡಿದ್ಲು. ದೇವರು ತಡೀಲಿ, ಹಸದಾವ ಮೊದಲು ಉಣ್ಲಿ ಅಂದ್ಲು. ಉಂಡ. ಉಂಡ ಮ್ಯಾಲ ಬುದ್ಧ ಆದ."

ಕಥೆಯನ್ನು ತುಸು ತಿರುಚಿದ್ದಾರೆ. ಪುಸ್ತಕದಲ್ಲಿ ಅವಳು ಇವನನ್ನೇ ಗಿಡದ ದೇವರೆಂದು ತಿಳಿದು ಕೊಡುತ್ತಾಳೆ. ನಾನು ಬಾಯಿ ಬಿಡಲಿಲ್ಲ. ನಮ್ಮಜ್ಜಿಯೂ ಹಾಗೆಯೇ, ಕೇಳುವವರ ಮುಖ ನೋಡಿ ಕಥೆ ತಿರುಗಿಸುತ್ತಿದ್ದಳು.

ದುರಗಮ್ಮ ದೋಣಿಯ ಕಡೆ ಕೈ ಮಾಡಿದಳು.

"ಅಕಿ ಅಕ್ಕಿ ದ್ವಾಣ್ಯಾಗ ಹಾಕಲಿಲ್ಲ. ಹೊಟ್ಟ್ಯಾಗ ಹಾಕಿದ್ಲು."

"ಹೌದ್ರಿ."

"ದ್ವಾಣ್ಯಾಗ ಹಾಕಿದರ ಪಂಪು ಕಟ್ತದ."

"ಹೌದ್ರಿ" ಅಂದರು ಇವರು. ಈಗ ನಕ್ಕರು. ಎಂಟು ದಿನದ ನಗು ಒಮ್ಮೆಲೆ.

"ಹಂಗಾರ ಹಿಂಗ ಮಾಡೂಣು. ಉಡಿ ದ್ವಾಣಿಗೆ ಬ್ಯಾಡ. ನರ್ಸಮ್ಮನ ಉಡಿಗಿ ಹಾಕ್ತೀವಿ, ಗೂಟ ಇದ್ದ ಮನಿಯವರೆಲ್ಲ ಒಂದೊಂದು ಹಿಡಿ. ಪೂಜಿ ಇಲ್ಲ, ಮಂತ್ರ ಇಲ್ಲ. ಅದ ಅಕ್ಕಿಲೆ ಅಕಿ ಖೀರು ಕಾಸಲಿ. ಇಲ್ಲೇ, ದಂಡಿ ಮ್ಯಾಲ. ನಾವೆಲ್ಲಾ ಉಣ್ತೀವಿ."

"ನಾವೆಲ್ಲಾ" ಎಂದಾಗ ಪರಶುರಾಮ ಅವ್ವನ ಮುಖ ನೋಡಿದ. ಅವಳು ಅವನ ಕಡೆ ನೋಡಲಿಲ್ಲ.

"ಯಾವತ್ತು?" ಅಂದರು ಇವರು. ದನಿ ಬೇರೆಯಾಗಿತ್ತು.

"ಹೊಸನೀರು ಇವತ್ತು ನಾಳಿ ಬರ್ತದ. ಹುಣ್ಣಿಮಿಗಿ."

"ಆಷಾಢ ಹುಣ್ಣಿಮಿ" ಅಂದರು. "ಬುದ್ಧ ಮೊದಲ್ನೇ ಪಾಠ ಹೇಳಿದ ದಿನ."

"ನೋಡ್ರಿ, ನಿಮಗೂ ಹಬ್ಬನ."

ಜುಲೈ ೮, ಮಂಗಳವಾರ

ಹೊಸನೀರು ಬಂತು. ಕೆಂಪಗೆ, ನೊರೆ ಕಟ್ಟಿಕೊಂಡು. ಕರಿಗುಂಡಿನ ಅರ್ಧ ಮುಳುಗಿದೆ. ತೇಪೆ ಹಿಡಿದಿದೆ. ಹೊಸ ಫ್ಯೂಜ್. ಪಂಪಿನ ಬಾಯಿಗೆ ಖಾಜಾಹುಸೇನ ಸಣ್ಣ ಕಣ್ಣಿನ ಜಾಳಿಗೆ ಕಟ್ಟಿದ್ದಾನೆ. "ಇನ್ನ ಮ್ಯಾಲ ಗೋಧಿ ತುಂಬ್ರಿ ಅಕ್ಕಾರ, ಒಳಗ ಹೋಗಂಗಿಲ್ಲ" ಅಂತ.

ಅಂಜಿಕೆ. ಕರೆದವರು ಕರೆದಿದ್ದಾರೆ. ಎಷ್ಟು ಮನೆಯವರು ಬರುತ್ತಾರೋ. ಯಾರೂ ಉಣ್ಣದಿದ್ದರೆ? ತುಂಬಿದ ಪಾತ್ರೆ ಹೊತ್ತುಕೊಂಡು ವಾಪಸ್ ಬರುವುದು ಹೇಗೆ? ಅದಕ್ಕಿಂತ ಟ್ರ್ಯಾಕ್ಟರ್ ವಾಸಿಯಲ್ಲವೇ?

ಇವರು ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ ಬೇಡವೆಂದಿದ್ದಾರೆ. ನನಗೆ ಹೇಳದೆ.

ಜುಲೈ ೧೦, ಗುರುವಾರ. ಹುಣ್ಣಿಮೆ

ಕೈಯಿಂದ ಇನ್ನೂ ಹೊಗೆ ವಾಸನೆ ಬರುತ್ತಿದೆ.

ಸೆರಗು ಒಡ್ಡಿ ನಿಂತೆ. ಮೊದಲು ದುರಗಮ್ಮ. ತುಂಬು ಹಿಡಿ. "ಉಡಿ ತುಂಬೂದು ತವರಿನವರು. ಈ ದಂಡಿ ನಿನ್ನ ತವರು ಅಂತ ತಿಳಿ" ಅಂದಳು. ಇಷ್ಟು ವರ್ಷದ "ರೀ" ಎಲ್ಲಿ ಹೋಯಿತೋ. ಹಿಂದೆ ಒಬ್ಬೊಬ್ಬರಾಗಿ. ಮುದುಕಿಯರು, ಸೊಸೆಯರು. ಒಂದು ಮನೆಯವಳು ದೂರದಿಂದಲೇ ಮುಷ್ಟಿ ಎತ್ತಿ ಹಾಕಿದಳು. ಅಕ್ಕಿ ಚೆಲ್ಲಿತು. ದುರಗಮ್ಮ ಅವಳನ್ನು ನೋಡಿದ ನೋಟಕ್ಕೆ ಮತ್ತೊಂದು ಹಿಡಿ ತಂದು, ಹತ್ತಿರ ಬಂದು ಹಾಕಿದಳು. ಸೆರಗು ಭಾರವಾಯಿತು. ಎರಡೂ ಕೈಯಿಂದ ಎತ್ತಿ ಹಿಡಿದೆ.

ಮೂರು ಕಲ್ಲು ಹೂಡಿ ಪಾತ್ರೆ ಇಟ್ಟೆ. ಇವರು ಸುರಪುರದಿಂದ ಹಾಲು ತಂದಿದ್ದರು, ಬೆಲ್ಲ ತಂದಿದ್ದರು, ಯಾಲಕ್ಕಿ ಮರೆತಿದ್ದರು. ಹಸಿ ಕಟ್ಟಿಗೆ. ಇವರು ಮಂಡಿಯೂರಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರು. "ಮಾಸ್ತರ, ಹೊಗಿಗಿ ಅಳಾಕತ್ತೀರೋ, ಖುಷಿಗಿ ಅಳಾಕತ್ತೀರೋ?" ಎಂದು ಪರಶುರಾಮ ಕೇಳಿದ. ಹೊಗೆಗೆ ಅಂದರು.

ಖೀರು ಇಳಿಸಿದೆ. ಬೇವಿನ ಗಿಡದ ಕೆಳಗೆ ಎಲ್ಲರೂ ನಿಂತಿದ್ದರು. ಒಬ್ಬರೂ ಮುಂದೆ ಬರಲಿಲ್ಲ. ಸೌಟು ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತೋ.

ದುರಗಮ್ಮ ಬಂದು ನೆಲಕ್ಕೆ ಕೂತಳು. ಮುತ್ತುಗದೆಲೆ ಹಾಸಿಕೊಂಡಳು. "ಹಾಕು."

ಹಾಕಿದೆ. ಉಂಡಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಬೆಲ್ಲ ಕಡಿಮಿ ಆಗ್ಯಾದ" ಅಂದಳು. "ಇನ್ನಷ್ಟ ಹಾಕು."

ಅದನ್ನು ಕೇಳಿ ಪರಶುರಾಮ ಕೂತ. ಅವನ ಹೆಂಡತಿ ಕೂತಳು. ಆಮೇಲೆ ಸಾಲು. ಖಾಜಾಹುಸೇನ ಎರಡು ಸಲ ಹಾಕಿಸಿಕೊಂಡ. ಇಬ್ಬರು ಮಾತ್ರ ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ಒಯ್ದರು. ಉಂಡರೋ, ದನಕ್ಕೆ ಹಾಕಿದರೋ ಗೊತ್ತಿಲ್ಲ. ಇರಲಿ. ಬೆನ್ನು ತಿರುಗಿಸಿ ಹೋಗಲಿಲ್ಲ, ಡಬ್ಬಿಯನ್ನಾದರೂ ಚಾಚಿದರು. ಇವತ್ತಿಗೆ ಅಷ್ಟು ಸಾಕು.

ಪಾತ್ರೆ ಬರಿದಾಯಿತು. ತಳ ಕೆರೆದು ಕೊನೆಯ ಸೌಟನ್ನು ಇವರಿಗೆ ಹಾಕಿದೆ. ನನಗೆ ಉಳಿಯಲಿಲ್ಲ. ದುರಗಮ್ಮ 'ಇನ್ನಷ್ಟ ಹಾಕು' ಎಂದು ಹಾಕಿಸಿಕೊಂಡದ್ದು ಯಾಕೆಂದು ಆಗ ತಿಳಿಯಿತು. ತನ್ನ ಎಲೆಯನ್ನು ನನ್ನ ಕಡೆ ಸರಿಸಿದಳು. ಅರ್ಧ ಹಾಗೆಯೇ ಇತ್ತು.

ಸಂಜೆ ಪರಶುರಾಮ ಜಾಲಿಯ ಗೂಟ ಹೊಡೆದ. ಸಾಲಿನಲ್ಲಿ, ದುರಗಮ್ಮನ ಗೂಟದ ಪಕ್ಕ. ಸುಜಾತಾ ಒಳಮಡುವಿಗೆ ಬಂದಳು. ನೀರು ಅಲ್ಲಾಡಲಿಲ್ಲ. ಇಷ್ಟು ಶಾಂತವಾಗಿ ಅವಳು ನಿಂತದ್ದನ್ನು ನಾನು ಕಂಡೇ ಇರಲಿಲ್ಲ.

ಜುಲೈ ೨೨, ಮಂಗಳವಾರ

ಮೇಲಿನ ಡ್ಯಾಮಿನಿಂದ ನೀರು ಬಿಡುತ್ತಾರಂತೆ. ಡಂಗುರ ಸಾರಿದರು. ಹೊಳೆ ಏರುವುದರೊಳಗೆ ಬೋರಗಡ್ಡಿಗೆ ಹೋಗಿ ಹಣಮಮ್ಮನನ್ನು ಕರೆತಂದೆ. ಪರಶುರಾಮ ಮುಂದೆ ನಿಂತು ತೇಲಿಬರುವ ಕಟ್ಟಿಗೆ, ಸೆಳವು ನೋಡುತ್ತ ದಾರಿ ಹೇಳಿದ. ಮೋಟರು ಮೊದಲ ಎಳೆತಕ್ಕೇ ಚಾಲೂ. ಪಂಪು ಎದ್ದಿತು, ಉಗುಳಿತು, ಮಲಗಿತು. ಹಣಮಮ್ಮ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದಳು, ಮರಳಿನ ಸಮೇತ. ನಮ್ಮಲ್ಲಿ ಫ್ರಿಜ್ ಇದೆ ಅಂದರೂ ಬಿಡಲಿಲ್ಲ.

ಈಗ ನಮ್ಮ ಮನೆಯಲ್ಲಿದ್ದಾಳೆ. ಇವರು ಕಥೆ ಹೇಳುತ್ತಿದ್ದಾರೆ. ಅವಳು ಗೊರಕೆ ಹೊಡೆಯುತ್ತಿದ್ದಾಳೆ.

ಜುಲೈ ೨೬, ಶನಿವಾರ. ಬೆಳಿಗ್ಗೆ

ಸುರಿಯುತ್ತಿದೆ. ಎದುರು ಮನೆ ಕಾಣುವುದಿಲ್ಲ. ಹೊಳೆ ಏರುತ್ತಿದೆ ಅಂತ ಹಾಲಿನವಳು ಹೇಳಿದಳು. ನಿನ್ನೆ ಹಗ್ಗವನ್ನು ಗಿಡ್ಡ ಬಿಟ್ಟು ಬಂದಿದ್ದೇನೆ. ತಪ್ಪು ನನ್ನದೇ. ರೇನ್‌ಕೋಟ್ ಹಾಕಿಕೊಂಡೆ, ಸ್ಕೂಟಿ ಚಾಲೂ ಆಗುತ್ತಿಲ್ಲ. ಒದ್ದು ಒದ್ದು ಸಾಕಾಯಿತು. ಇವರು ಆಟೋ ಹುಡುಕಲು ಹೋದರು, ಛತ್ರಿ ಬಿಟ್ಟು. ಕಾಯುತ್ತ ಬರೆಯುತ್ತಿದ್ದೇನೆ. ಕೈ ಸುಮ್ಮನಿರುವುದಿಲ್ಲ.

ಫೋನು. ದುರಗಮ್ಮ. ಮಳೆಯ ಸದ್ದಿನಲ್ಲಿ ಅರ್ಧ ಕೇಳಿಸಿತು.

"ಎಲ್ಲಿದ್ದಿ?"

"ಹೊಂಟೀನ್ರಿ. ಹಗ್ಗ —"

"ಸಡ್ಲ ಮಾಡೀನಿ."

"ಯಾರದು?"

"ಯಾರದಂದ್ರ? ಸಾಲಿನಾಗ ಇದ್ದವರದೆಲ್ಲ. ನಿಂದೊಂದು ಬಿಟ್ಟು ಮಾಡ್ಲೇನು? ಮಳ್ಯಾಗ ಬರಬ್ಯಾಡ, ನೆಗಡಿ ಆದರ ನಿನಗ ಸೂಜಿ ಮಾಡವ್ರು ಯಾರು? ಕರಿಗುಂಡು ಕಾಣವಲ್ದು ನೋಡು. ಪೂರಾ ಮುಳುಗ್ಯಾದ."

ಇಟ್ಟುಬಿಟ್ಟಳು.

ರೇನ್‌ಕೋಟ್ ಇನ್ನೂ ಮೈಮೇಲಿದೆ. ನೀರು ಸೋರಿ ಹಾಳೆ ತೊಯ್ಯುತ್ತಿದೆ. ಇವರನ್ನು ವಾಪಸ್ ಕರೆಯಬೇಕು. ಒಳಗಿನಿಂದ ಹಣಮಮ್ಮ ಕೇಳುತ್ತಿದ್ದಾಳೆ, ಏನಾತವ್ವ, ಯಾರ ಫೋನು, ಯಾಕ ಅಳಾಕತ್ತಿ ಅಂತ. ಏನೂ ಆಗಿಲ್ಲ ಅಂತ ಹೇಳಬೇಕು. ಹೊಳೆ ಏರಿದೆ, ಹಗ್ಗ ಸಡಿಲವಾಗಿದೆ, ಅಷ್ಟೇ.